ಶಿಬಿರದಲ್ಲಿ ಮಕ್ಕಳು ಬಿತ್ತಿದ ಬೀನ್ಸ್ ಬೀಜ ಮೊಳಕೆನೇ ಬಂದಿಲ್ಲ, ಏನ್ಮಾಡೋದು?

ನೀರು ಜಾಸ್ತಿಯಾಗಿ ಬೀಜ ಕೊಳೆತಿರ್ಬೇಕು, ಆರು ದಿನದಿಂದ ಮಕ್ಕಳು ದಿನಕ್ಕೆ ಮೂರ್ನಾಲ್ಕು ಸಲ ನೀರು ಹಾಕ್ತಿದಾರೆ, ಲೋಟಕ್ಕೆ ತೂತೂ ಮಾಡಿಲ್ಲ ಅಂತ ನೀವೇ ಬರ್ದಿದೀರಲ್ಲ. ನಾನು ನಡೆಸಿದ ಶಿಬಿರದಲ್ಲೂ ಹೀಗೇ ಆಗಿತ್ತು.

ಮೊದ್ಲು ಒಂದೆರಡು ಲೋಟದ ಮಣ್ಣು ಕೆದಕಿ ನೋಡಿ, ಅದನ್ನ ಮಕ್ಕಳ ಕೈಲೇ ಮಾಡ್ಸಿ, ದಯವಿಟ್ಟು ಅವ್ರಿಗೆ ಗೊತ್ತಾಗ್ದಂಗೆ ಲೋಟ ಬದಲಾಯಿಸ್ಬೇಡಿ, ಯಾಕೆ ಬರ್ಲಿಲ್ಲ ಅಂತ ಅವರೇ ಕಂಡುಹಿಡಿಯೋದ್ರಲ್ಲೇ ಅರ್ಧ ಪಾಠ ಇದೆ. ಬೀಜ ಒತ್ತಿದ್ರೆ ಮೆತ್ತಗಾಗಿ ವಾಸನೆ ಬಂದ್ರೆ ಕೊಳೆತಿದೆ. ಗಟ್ಟಿಯಾಗೇ ಇದ್ರೆ ತಡವಾಗಿ ಬರ್ಬಹುದು, ಖಚಿತವಾಗಿ ಹೇಳಕ್ಕಾಗಲ್ಲ, ಇನ್ನೆರಡು ದಿನ ಬಿಟ್ಟು ನೋಡಿ.

ಆಮೇಲೆ ಹೊಸ ಬೀಜ ರಾತ್ರಿಯಿಡೀ ನೆನೆಸಿ, ನೀರು ಬಸಿದು ಒದ್ದೆ ಬಟ್ಟೇಲಿ ಕಟ್ಟಿಡಿ. ಬಿಳಿ ಬೇರು ಇಣುಕಿದ ಮೇಲೆ, ತಳಕ್ಕೆ ಮೂರ್ನಾಲ್ಕು ತೂತು ಮಾಡಿದ ಲೋಟದಲ್ಲಿ ಒಂದು ಇಂಚು ಆಳಕ್ಕೆ ಹಾಕ್ಸಿ, ಬೇರು ಮುರೀದಂಗೆ ನೋಡ್ಕೊಳ್ಳಿ. ಬೆರಳಿಂದ ಮಣ್ಣು ಮುಟ್ಟಿ ಒಣಗಿದ್ರೆ ಮಾತ್ರ ನೀರು, ಇದೊಂದು ನಿಯಮ ಸಾಕು.

ಶಿಬಿರಕ್ಕೆ ನಾಲ್ಕೇ ದಿನ ಉಳಿದಿರೋದ್ರಿಂದ ಜೊತೆಗೆ ಹೆಸರುಕಾಳೂ ನೆನೆಸಿ ಕಟ್ಟಿ, ಒಂದೆರಡು ದಿನದಲ್ಲೇ ಮೊಳಕೆ ಕಾಣುತ್ತೆ, ಬೀನ್ಸ್ ಲೋಟ ಮನೆಗೆ ಕೊಟ್ಟು ಕಳ್ಸಿ.