ಫೈಲ್ ಓದುವುದೇ ತನಿಖೆ: ಅಮೆರಿಕದ ಫೆಡರಲ್ ಸೂಪರ್‌ವೈಸರ್ ಹುದ್ದೆ ಬಗ್ಗೆ ಓದುಗರ ಪ್ರಶ್ನೆಗಳು

ಅಮೆರಿಕದ ಫೆಡರಲ್ ಸರ್ಕಾರದ ಕ್ರಿಮಿನಲ್ ತನಿಖಾ ಸಂಸ್ಥೆಗಳಲ್ಲಿ ಏಜೆಂಟರ ಮೇಲೆ ಸೂಪರ್‌ವೈಸರ್ ಆಗಿರುವವರ ಕೆಲಸ ಹೇಗಿರುತ್ತದೆ ಎಂದು ಕೆಲವರು ಕೇಳಿದ್ದಾರೆ. ಹೆಸರು ಕೈಬಿಟ್ಟು, ಗುರುತು ಸಿಗುವಂಥ ವಿವರ ತೆಗೆದು, ಪ್ರಶ್ನೆಗಳನ್ನು ಇಲ್ಲಿ ಕೊಟ್ಟಿದ್ದೇವೆ.

ಪ್ರಶ್ನೆ: ಮಗಳು ಇಲ್ಲೇ ನ್ಯೂಜೆರ್ಸಿಯಲ್ಲಿ ಹುಟ್ಟಿದವಳು, ಅಕೌಂಟಿಂಗ್ ಓದಿದ್ದಾಳೆ. ಎಫ್‌ಬಿಐ ಸೇರಿ ದೊಡ್ಡ ಅಧಿಕಾರಿ ಆಗಬೇಕು ಅಂತಾಳೆ. ನಮ್ಮ ಐಪಿಎಸ್ ಥರ ನೇರವಾಗಿ ಮೇಲಿನ ಹುದ್ದೆಗೆ ಪರೀಕ್ಷೆ ಇದೆಯಾ? ಊರಲ್ಲಿ ಅವಳ ಹೆಸರಿನಲ್ಲೂ ಒಂದು ಸೈಟ್ ಇದೆ, ನೆಂಟರೆಲ್ಲ ಅಲ್ಲೇ. ಅದರಿಂದ ತೊಂದರೆ ಆಗುತ್ತಾ?

ನೇರ ದಾರಿ ಇಲ್ಲ. ಇಪ್ಪತ್ತೈದರ ವಯಸ್ಸಿಗೇ ಜಿಲ್ಲೆಗೆ ಮೇಲಧಿಕಾರಿಯಾಗಿ ಬರುವ ಪದ್ಧತಿ ಅಲ್ಲಿಲ್ಲ. ಯಾರೇ ಆಗಲಿ ಮೊದಲು ಏಜೆಂಟ್ ಆಗಿಯೇ ಸೇರಬೇಕು. ಸರ್ಕಾರದ ಪಟ್ಟಿಯಲ್ಲಿ ಈ ಕೆಲಸಕ್ಕೆ 1811 ಅನ್ನುವ ಸಂಖ್ಯೆ ಇದೆ. ಎಫ್‌ಬಿಐ, ಮಾದಕವಸ್ತು ಕೇಸುಗಳನ್ನು ನೋಡುವ ಡಿಇಎ, ಸೀಕ್ರೆಟ್ ಸರ್ವಿಸ್, ತೆರಿಗೆ ಇಲಾಖೆಯ ತನಿಖಾ ವಿಭಾಗ, ಇಲಾಖೆಗಳೊಳಗಿನ ಅಕ್ರಮ ಹುಡುಕುವ ಇನ್‌ಸ್ಪೆಕ್ಟರ್ ಜನರಲ್ ಕಚೇರಿಗಳು, ಇಲ್ಲೆಲ್ಲ ಇರುವವರು ಈ 1811ರವರೇ. ಸಾಮಾನ್ಯವಾಗಿ 37 ತುಂಬುವ ಮೊದಲೇ ಸೇರಿರಬೇಕು. ಅಮೆರಿಕದ ಪೌರತ್ವ ಕಡ್ಡಾಯ. ಗ್ರೀನ್ ಕಾರ್ಡ್ ಸಾಲದು.

ಜಿಎಸ್ ಅಂದರೆ ಫೆಡರಲ್ ನೌಕರರ ಸಂಬಳದ ದರ್ಜೆ. ಎಫ್‌ಬಿಐ ಏಜೆಂಟ್ ಜಿಎಸ್-10ಕ್ಕೆ ಸೇರಿ ಜಿಎಸ್-13ರವರೆಗೆ ಏರುತ್ತಾರೆ. ಜಿಎಸ್-14 ಆದಾಗ ಒಂದು ಸ್ಕ್ವಾಡ್, ಅಂದರೆ ಏಜೆಂಟರ ಒಂದು ತಂಡ, ಕೈಗೆ ಬರುತ್ತದೆ. ಜಿಎಸ್-15 ಅಂದರೆ ಕಚೇರಿಯ ಸಹಾಯಕ ಮುಖ್ಯಸ್ಥರು. ಅದರ ಮೇಲೆ ಇಡೀ ಫೀಲ್ಡ್ ಆಫೀಸಿನ ಹೊಣೆ ಹೊತ್ತವರು. ಅಕೌಂಟಿಂಗ್ ಓದಿದವರಿಗೆ ತೆರಿಗೆ ಇಲಾಖೆಯ ತನಿಖಾ ವಿಭಾಗವನ್ನೂ ನೋಡಿ ಅಂತ ನಾನು ಹೇಳುತ್ತೇನೆ. 1931ರಲ್ಲಿ ಶಿಕಾಗೋದ ಗ್ಯಾಂಗ್‌ಸ್ಟರ್ ಅಲ್ ಕಪೋನ್ ಜೈಲಿಗೆ ಹೋಗಿದ್ದು ಕೊಲೆ ಕೇಸಿನಲ್ಲಿ ಅಲ್ಲ, ತೆರಿಗೆ ತಪ್ಪಿಸಿದ್ದಕ್ಕೆ. ಆ ಲೆಕ್ಕ ಬಿಡಿಸಿದ್ದು ಈ ಇಲಾಖೆಯವರು.

ಊರಿನ ಸೈಟ್ ವಿಷಯ. ಭದ್ರತಾ ತಪಾಸಣೆಗೆ ಎಸ್‌ಎಫ್-86 ಅನ್ನುವ ಉದ್ದನೆಯ ಫಾರ್ಮ್ ತುಂಬಬೇಕು. ಹೊರದೇಶದ ನೆಂಟರು, ಆಸ್ತಿ, ಬ್ಯಾಂಕ್ ಖಾತೆ, ಪ್ರಯಾಣ, ಎಲ್ಲ ಅದರಲ್ಲಿ ಬರುತ್ತದೆ. ಅಜ್ಜಿ ಊರಲ್ಲಿದ್ದಾರೆ, ಸೈಟ್‌ನಲ್ಲಿ ಪಾಲಿದೆ ಅನ್ನುವ ಕಾರಣಕ್ಕೇ ಬಾಗಿಲು ಮುಚ್ಚುವುದಿಲ್ಲ. ಮುಚ್ಚಿಟ್ಟರೆ ಮುಚ್ಚುತ್ತದೆ. "ಅದೇನು ಮಹಾ, ಅಪ್ಪ ಸುಮ್ನೆ ನನ್ನ ಹೆಸರು ಸೇರಿಸಿದ್ದು" ಅಂತ ಬಿಡಬಾರದು. ಖಾತೆಯ ದಾಖಲೆ ತರಿಸಿ ನೋಡಿ ಬರೆಯಲಿ. ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಭಾರತ ಕೊಡುವ ಒಸಿಐ ಕಾರ್ಡ್ ಇದ್ದರೆ ಅದನ್ನೂ ತಾನಾಗಿಯೇ ತಿಳಿಸಲಿ. ಅದು ಭಾರತದ ಪೌರತ್ವ ಅಲ್ಲ, ನಿಜ. ಆದರೂ ತಪಾಸಣೆ ಮಾಡುವವರಿಗೆ ಅದು ಅವಳಿಂದಲೇ ಗೊತ್ತಾಗಬೇಕು.

ಪ್ರಶ್ನೆ: ನಾನು ಟೆಕ್ಸಾಸ್‌ನಲ್ಲಿ ಒಂದು ಫೆಡರಲ್ ಸಂಸ್ಥೆಯಲ್ಲಿದ್ದೇನೆ. ಇತ್ತೀಚೆಗೆ ಸ್ಕ್ವಾಡ್ ಸೂಪರ್‌ವೈಸರ್ ಆದೆ. ನಿನ್ನೆವರೆಗೆ ಜೊತೆಗೆ ಕೂತು ಊಟ ಮಾಡುತ್ತಿದ್ದವರಿಗೆ ಈಗ ನಾನೇ ಬಾಸ್. ಕೇಸ್ ಮಾಡುವುದು ತಪ್ಪಿಹೋಯಿತು, ದಿನಪೂರ್ತಿ ಬೇರೆಯವರ ಫೈಲ್ ಓದುವುದೇ ಆಗಿದೆ. ಇದಕ್ಕಾಗಿ ಬಡ್ತಿ ಬೇಕಿತ್ತಾ ಅನ್ನಿಸುತ್ತಿದೆ.

ನಿಮಗೆ ಬೇಸರ ಆಗಿರುವುದು ಸಹಜ. ಒಳ್ಳೆ ಏಜೆಂಟ್ ಆಗಿದ್ದವರಿಗೇ ಈ ಬೇಸರ ಜಾಸ್ತಿ. ಆದರೆ ಫೈಲ್ ಓದುವುದನ್ನು ಗುಮಾಸ್ತರ ಕೆಲಸ ಅಂತ ನೋಡಬೇಡಿ. ಆ ಕುರ್ಚಿಯಲ್ಲಿ ಕೂತವರು ಮಾಡುವ ತನಿಖೆ ಅದೇ.

ಎಫ್‌ಬಿಐನಲ್ಲಿ ಪ್ರತಿ 90 ದಿನಕ್ಕೊಮ್ಮೆ ಏಜೆಂಟ್ ಜೊತೆ ಕೂತು ಅವರ ಒಂದೊಂದು ಫೈಲನ್ನೂ ನೋಡಬೇಕು ಅನ್ನುವ ನಿಯಮ ಇದೆ. ಹೊಸಬರದ್ದು ಇನ್ನೂ ಬೇಗ. ಬೇರೆ ಸಂಸ್ಥೆಗಳಲ್ಲೂ ಇದೇ ಥರದ ಪದ್ಧತಿ ಇರುತ್ತದೆ. ಫೈಲ್ ಕೈಗೆ ಬಂದಾಗ ಏನಿದೆ ಅಂತ ಮಾತ್ರ ನೋಡಬೇಡಿ, ಏನಿಲ್ಲ ಅಂತ ನೋಡಿ. ಸಾಕ್ಷಿಯ ಜೊತೆ ಮಾತಾಡಿದ ದಿನಾಂಕ ಇದೆ, ಬರೆದ ವರದಿ ಇದೆಯಾ? ಬೇರೆ ಜಿಲ್ಲೆಗೆ ಕಳಿಸಬೇಕಾದ ಮಾಹಿತಿ ನಿಜವಾಗಿ ಹೋಯಿತಾ, ಅಲ್ಲಿ ಯಾರು ತಗೊಂಡರು? ಹೋದ ಸಲ "ಮುಂದಿನ ವಾರ ಮಾಡ್ತೀನಿ" ಅಂದಿದ್ದು ಆಯಿತಾ?

ಇದು ಯಾಕೆ ಅಷ್ಟು ಮುಖ್ಯ? ಎರಡು ಘಟನೆ ಹೇಳುತ್ತೇನೆ. ಎರಡೂ ಎಫ್‌ಬಿಐನವು, ಸರ್ಕಾರಿ ವಿಚಾರಣೆಯಲ್ಲಿ ಪೂರ್ತಿ ಹೊರಬಂದಂಥವು.

2015ರ ಜುಲೈನಲ್ಲಿ ಅಮೆರಿಕದ ಜಿಮ್ನಾಸ್ಟಿಕ್ಸ್ ಸಂಸ್ಥೆಯವರು ಇಂಡಿಯಾನಾಪೊಲಿಸ್ ಕಚೇರಿಗೆ ಹೋಗಿ ತಂಡದ ವೈದ್ಯ ಲ್ಯಾರಿ ನಾಸರ್ ಮೇಲೆ ದೂರು ಕೊಟ್ಟರು. ಹೆಣ್ಣುಮಕ್ಕಳ ಮೇಲೆ ಚಿಕಿತ್ಸೆಯ ನೆಪದಲ್ಲಿ ಲೈಂಗಿಕ ದೌರ್ಜನ್ಯ ನಡೆಸುತ್ತಿದ್ದಾನೆ ಅನ್ನುವ ದೂರು. ಸೆಪ್ಟೆಂಬರ್‌ನಲ್ಲಿ ಅಲ್ಲಿನ ಸೂಪರ್‌ವೈಸರ್ ಒಬ್ಬ ಕ್ರೀಡಾಪಟುವಿನ ಜೊತೆ ಫೋನಿನಲ್ಲಿ ಮಾತಾಡಿದ. ಆ ಮಾತುಕತೆಯ ವರದಿ ಬರೆದಿದ್ದು 17 ತಿಂಗಳ ನಂತರ. ಅದರಲ್ಲೂ ಸುಳ್ಳಿತ್ತು. ನಾಸರ್ ಇದ್ದಿದ್ದು ಮಿಷಿಗನ್‌ನಲ್ಲಿ. ಅಲ್ಲಿ ಹತ್ತಿರದಲ್ಲೇ ಇದ್ದ ಎಫ್‌ಬಿಐ ಕಚೇರಿಗೆ ವಿಷಯವನ್ನೇ ತಿಳಿಸಿರಲಿಲ್ಲ. 2016ರ ಆಗಸ್ಟ್‌ನಲ್ಲಿ ಅವನು ಕೆಲಸಕ್ಕಿದ್ದ ವಿಶ್ವವಿದ್ಯಾಲಯದ ಪೊಲೀಸರಿಗೆ ಬೇರೆ ದೂರು ಬಂದ ಮೇಲೆ ಅವನು ಸಿಕ್ಕಿಬಿದ್ದ. ನಡುವಿನ ಆ ವರ್ಷದಲ್ಲಿ ಇನ್ನೂ ಸುಮಾರು 70 ಮಂದಿ ಅಥವಾ ಅದಕ್ಕಿಂತ ಜಾಸ್ತಿ ಹುಡುಗಿಯರು ಅವನ ಕೈಗೆ ಸಿಕ್ಕರು ಎಂಬ ಆರೋಪಗಳಿವೆ. 2021ರಲ್ಲಿ ನ್ಯಾಯ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಇದನ್ನೆಲ್ಲ ಬಿಚ್ಚಿಟ್ಟರು. ಆ ಸೂಪರ್‌ವೈಸರ್ ಕೆಲಸ ಕಳೆದುಕೊಂಡ. 2024ರಲ್ಲಿ ಸರ್ಕಾರ ಸಂತ್ರಸ್ತರಿಗೆ 13.87 ಕೋಟಿ ಡಾಲರ್ ಕೊಡಲು ಒಪ್ಪಿತು. ಗುಂಡು ಹಾರಲಿಲ್ಲ, ಲಂಚ ಇರಲಿಲ್ಲ. ಒಂದು ವರದಿ ಸಮಯಕ್ಕೆ ಬರೆಯಲಿಲ್ಲ, ಒಂದು ಕಡತ ಕಳಿಸಲಿಲ್ಲ, ಅಷ್ಟೇ. ಇದನ್ನು ಓದುವಾಗೆಲ್ಲ ನನಗೆ ಸಿಟ್ಟು ಬರುತ್ತದೆ.

ಇನ್ನೊಂದು 2001ರ ಆಗಸ್ಟ್‌ನದ್ದು. ಮಿನೆಸೋಟಾದ ವಿಮಾನ ತರಬೇತಿ ಶಾಲೆಯಲ್ಲಿ ಜಕಾರಿಯಾಸ್ ಮೂಸಾವಿ ಅನ್ನುವವನ ಮೇಲೆ ಅನುಮಾನ ಬಂತು, ವಲಸೆ ನಿಯಮದಡಿ ಅವನನ್ನು ಹಿಡಿದರು. ಅವನ ಲ್ಯಾಪ್‌ಟಾಪ್ ತೆರೆಯಲು ಅನುಮತಿ ಬೇಕಿತ್ತು. ವಾಷಿಂಗ್ಟನ್‌ನ ಮುಖ್ಯ ಕಚೇರಿ ಒಪ್ಪಲಿಲ್ಲ. ಮಿನಿಯಾಪೊಲಿಸ್‌ನ ಸೂಪರ್‌ವೈಸರ್ ಬಿಡದೆ ಜಗಳಕ್ಕೆ ನಿಂತರು. ಜನರನ್ನು ಸುಮ್ಮನೆ ಕೆರಳಿಸುತ್ತಿದ್ದೀರಿ ಅಂತ ಮೇಲಿನವರು ಅಂದಾಗ, ಹೌದು, ಕೆರಳಿಸಬೇಕೆಂದೇ ಮಾಡುತ್ತಿದ್ದೇನೆ, ಯಾರೋ ವಿಮಾನ ತಗೊಂಡು ಹೋಗಿ ವರ್ಲ್ಡ್ ಟ್ರೇಡ್ ಸೆಂಟರ್‌ಗೆ ಡಿಕ್ಕಿ ಹೊಡೆಸದ ಹಾಗೆ ತಡೆಯಬೇಕು ಅನ್ನುವ ಅರ್ಥದಲ್ಲಿ ಉತ್ತರಿಸಿದರು. ಸೆಪ್ಟೆಂಬರ್ 11ರ ದಾಳಿಯ ವಿಚಾರಣೆ ನಡೆಸಿದ ಆಯೋಗದ ಮುಂದೆ ಇದು ದಾಖಲಾಗಿದೆ. ಅವರು ಗೆಲ್ಲಲಿಲ್ಲ. ಆದರೂ ತಮ್ಮ ಏಜೆಂಟರ ಅನುಮಾನ ಮೇಜಿನ ಮೇಲೆ ಸಾಯಲು ಬಿಡಲಿಲ್ಲ.

ಈಗ ನಿಮ್ಮ ಫೈಲ್ ರಾಶಿಯನ್ನು ಇನ್ನೊಮ್ಮೆ ನೋಡಿ. ಕೆಳಗಿನಿಂದ ಬಂದಿದ್ದು ನಿಮ್ಮ ಹತ್ತಿರ ನಿಲ್ಲಬಾರದು, ಮೇಲೆ ಅಡ್ಡಿ ಬಂದರೆ ನೀವು ಸುಮ್ಮನಾಗಬಾರದು.

ಗೆಳೆಯರ ವಿಷಯಕ್ಕೆ ಬರೋಣ. ಊಟ ಬಿಡಬೇಕಿಲ್ಲ. ಆದರೆ ಮೊದಲ ವಾರದಲ್ಲೇ ಒಬ್ಬೊಬ್ಬರನ್ನೂ ಬೇರೆ ಬೇರೆ ಕೂರಿಸಿಕೊಂಡು ಮಾತಾಡಿ: ನಾನು ಏನು ಓದುತ್ತೇನೆ, ಯಾವಾಗ ಓದುತ್ತೇನೆ, ಎಲ್ಲಿ ರಾಜಿ ಇಲ್ಲ. ತುಂಬಾ ಹತ್ತಿರದವರ ಫೈಲನ್ನು ಮೊದಲು ನೋಡಿ, ಅಷ್ಟೇ ಗಟ್ಟಿಯಾಗಿ ನೋಡಿ. ಉಳಿದವರು ಅದನ್ನೇ ಗಮನಿಸುತ್ತಿರುತ್ತಾರೆ. ಅವರ ಕೇಸನ್ನು ಕಿತ್ತುಕೊಂಡು ನೀವೇ ಮಾಡಲು ಹೋಗಬೇಡಿ, ಹೊಸ ಸೂಪರ್‌ವೈಸರ್‌ಗಳು ಜಾಸ್ತಿ ಎಡವುವುದು ಅಲ್ಲೇ. ಫೆಡರಲ್ ನೌಕರಿಯಲ್ಲಿ ಮೊದಲ ಸಲ ಸೂಪರ್‌ವೈಸರ್ ಆದವರಿಗೆ ಸಾಮಾನ್ಯವಾಗಿ ಒಂದು ವರ್ಷದ ಪ್ರೊಬೇಷನ್ ಇರುತ್ತದೆ. ಹೊಂದಲಿಲ್ಲ ಅಂದರೆ ಹಳೆಯ ದರ್ಜೆಯ ಕೆಲಸಕ್ಕೆ ವಾಪಸ್ ಹೋಗಬಹುದು. ಅದು ಅವಮಾನ ಅಲ್ಲ. ಕೇಸ್ ಮಾಡುವುದರಲ್ಲೇ ಜೀವ ಇದೆ ಅನ್ನುವವರು ಜಿಎಸ್-13 ಆಗಿಯೇ ನಿವೃತ್ತರಾಗುತ್ತಾರೆ, ಅಂಥವರಿಲ್ಲದೆ ಯಾವ ಕಚೇರಿಯೂ ನಡೆಯುವುದಿಲ್ಲ.

ಪ್ರಶ್ನೆ: ಕ್ಯಾಲಿಫೋರ್ನಿಯಾದಲ್ಲಿದ್ದೇವೆ. ನಮ್ಮ ಯಜಮಾನರಿಗೆ ಜಿಎಸ್-14 ಸಿಗುವ ಹಾಗಿದೆ. ಇನ್ನು ಮೇಲೆ ಅಪಾಯ ಕಡಿಮೆ, ಸಂಬಳ ಜಾಸ್ತಿ, ಮನೆಗೂ ಬೇಗ ಬರುತ್ತಾರೆ ಅಲ್ವಾ?

ಮೂರಕ್ಕೂ ಪೂರ್ತಿ ಹೌದು ಅನ್ನಲಾರೆ.

ಪ್ರತಿ ದಿನದ ಅಪಾಯ ಕಡಿಮೆಯಾಗುತ್ತದೆ. ಆದರೆ ಸರ್ಚ್ ಅಥವಾ ಅರೆಸ್ಟ್ ಇದ್ದ ದಿನ ಸ್ಕ್ವಾಡ್ ಸೂಪರ್‌ವೈಸರ್ ಸ್ಥಳದಲ್ಲಿ ಇರುವುದೇ ಹೆಚ್ಚು. 1986ರ ಏಪ್ರಿಲ್ 11ರಂದು ಮಿಯಾಮಿಯಲ್ಲಿ ಇಬ್ಬರು ದರೋಡೆಕೋರರನ್ನು ತಡೆಯಲು ಹೋದಾಗ ಇಬ್ಬರು ಎಫ್‌ಬಿಐ ಏಜೆಂಟರು ಸತ್ತರು. ಗುಂಡೇಟು ತಿಂದವರಲ್ಲಿ ಸ್ಕ್ವಾಡ್ ಸೂಪರ್‌ವೈಸರ್ ಕೂಡ ಇದ್ದರು. ಯಾವುದೇ ದಾಳಿಯ ಯೋಜನೆಗೆ ಸಹಿ ಹಾಕುವುದು ಸೂಪರ್‌ವೈಸರೇ: ಯಾರು ಬಾಗಿಲಿಗೆ, ಯಾರು ಹಿಂದಕ್ಕೆ, ಮನೆಯಲ್ಲಿ ಮಕ್ಕಳಿದ್ದಾರಾ, ಹತ್ತಿರದ ಟ್ರಾಮಾ ಆಸ್ಪತ್ರೆ ಯಾವುದು. ನ್ಯಾಯಾಧೀಶರು ಬೇರೆ ಹೇಳದಿದ್ದರೆ ಫೆಡರಲ್ ಸರ್ಚ್ ವಾರಂಟನ್ನು ಬೆಳಿಗ್ಗೆ 6ರಿಂದ ರಾತ್ರಿ 10ರ ಒಳಗೆ ಜಾರಿ ಮಾಡಬೇಕು. ಹೆಚ್ಚಿನ ತಂಡಗಳು ಬೆಳಿಗ್ಗೆ 6ನ್ನೇ ಆರಿಸಿಕೊಳ್ಳುತ್ತವೆ. ಅಂದರೆ ನಿಮ್ಮ ಮನೆಯ ಅಲಾರಾಂ 3ಕ್ಕೆ ಹೊಡೆಯುತ್ತದೆ.

ಸಂಬಳದಲ್ಲಿ ಮೂಲವೇತನದ ಮೇಲೆ 25% 'ಲೀಪ್' ಭತ್ಯೆ ಸೇರಿರುತ್ತದೆ. ಇದು 1994ರ ಕಾನೂನು. ಸರಾಸರಿ ದಿನಕ್ಕೆ ಎರಡು ಗಂಟೆ ಹೆಚ್ಚುವರಿ ಕೆಲಸಕ್ಕೆ ಸಿದ್ಧರಿರುವುದಕ್ಕೆ ಕೊಡುವ ದುಡ್ಡು. ಒಟ್ಟು ಸಂಬಳಕ್ಕೆ ಕಾನೂನಿನ ಮಿತಿ ಇದೆ. ಬೇ ಏರಿಯಾದಂಥ ದುಬಾರಿ ಊರುಗಳಲ್ಲಿ ಹಿರಿಯ ಸೂಪರ್‌ವೈಸರ್‌ಗಳ ಸಂಬಳ ಆ ಮಿತಿಗೆ ತಾಗುತ್ತದೆ, ಆಗ ಈ 25%ರಲ್ಲೇ ಕಡಿತ. ಹೊಣೆ ಏರಿದಷ್ಟು ಹಣ ಏರುವುದಿಲ್ಲ. ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಮುಂದೆ ವಾಷಿಂಗ್ಟನ್‌ಗೆ ಒಂದು ಅವಧಿ ಹೋಗಬೇಕಾಗಬಹುದು, ಮಕ್ಕಳ ಶಾಲೆಯ ಲೆಕ್ಕವನ್ನು ಈಗಲೇ ಹಾಕಿ.

ಪಿಂಚಣಿ ಬಗ್ಗೆ ಒಂದು ಎಚ್ಚರಿಕೆ. ಈ ನೌಕರಿಯಲ್ಲಿ 50 ವಯಸ್ಸು ಮತ್ತು 20 ವರ್ಷ ಸೇವೆ ಆದರೆ ನಿವೃತ್ತರಾಗಬಹುದು. ಸಾಮಾನ್ಯವಾಗಿ 57ಕ್ಕೆ ಕಡ್ಡಾಯ. ಸೂಪರ್‌ವೈಸರ್ ಹುದ್ದೆಗಳು ಹೆಚ್ಚಾಗಿ 'ಸೆಕೆಂಡರಿ' ಪಟ್ಟಿಯಲ್ಲಿರುತ್ತವೆ. ಆ ಸೇವೆ ಈ ಪಿಂಚಣಿಯ ಲೆಕ್ಕಕ್ಕೆ ಬರಬೇಕಾದರೆ ಮೊದಲು ಕನಿಷ್ಠ 3 ವರ್ಷ ಏಜೆಂಟ್ ಸೇವೆ ಆಗಿರಬೇಕು, ಮಧ್ಯೆ 3 ದಿನಕ್ಕಿಂತ ಜಾಸ್ತಿ ಸೇವೆ ಕಡಿಯಬಾರದು. ಹುದ್ದೆ ಬದಲಿಸುವ ಮೊದಲು ಇದನ್ನು ಸಿಬ್ಬಂದಿ ವಿಭಾಗದಿಂದ ಬರಹದಲ್ಲೇ ಪಡೆಯಲಿ.

ಪ್ರಶ್ನೆ: ಮೈಸೂರಿನಲ್ಲಿ ಕಾನೂನು ಓದುತ್ತಿದ್ದೇನೆ. ನಮ್ಮ ಸಿಬಿಐ ಎಸ್‌ಪಿ ಕೆಲಸವೂ ಇದೇನಾ?

ಮೇಲ್ವಿಚಾರಣೆಯ ಮಟ್ಟಿಗೆ ಹತ್ತಿರ. ಇನ್‌ಸ್ಪೆಕ್ಟರ್, ಡಿಎಸ್‌ಪಿ ತನಿಖೆ ಮಾಡುತ್ತಾರೆ, ಎಸ್‌ಪಿ ಮೇಲ್ವಿಚಾರಣೆ ನೋಡುತ್ತಾರೆ. ದೊಡ್ಡ ವ್ಯತ್ಯಾಸ ಅಧಿಕಾರದ ಮೂಲದಲ್ಲಿದೆ. ಸಿಬಿಐ ನಡೆಯುವುದು 1946ರ ದೆಹಲಿ ವಿಶೇಷ ಪೊಲೀಸ್ ಕಾಯ್ದೆಯಡಿ. ರಾಜ್ಯದೊಳಗೆ ಬರಲು ಆ ರಾಜ್ಯದ ಒಪ್ಪಿಗೆ ಬೇಕು, ಇಲ್ಲವೇ ಕೋರ್ಟ್ ಆದೇಶ ಬೇಕು. ಕರ್ನಾಟಕ 2024ರ ಸೆಪ್ಟೆಂಬರ್‌ನಲ್ಲಿ ತನ್ನ ಸಾಮಾನ್ಯ ಒಪ್ಪಿಗೆಯನ್ನು ಹಿಂಪಡೆಯಿತು. ಅಮೆರಿಕದಲ್ಲಿ ಫೆಡರಲ್ ಅಪರಾಧ ಆಗಿದ್ದರೆ ಏಜೆಂಟರು ರಾಜ್ಯವನ್ನು ಕೇಳಬೇಕಿಲ್ಲ. ಆದರೆ ಯಾರ ಮೇಲೆ ಆರೋಪ ಹೊರಿಸಬೇಕು ಅನ್ನುವುದು ಏಜೆಂಟರ ಕೈಯಲ್ಲೂ ಇಲ್ಲ, ಸೂಪರ್‌ವೈಸರ್ ಕೈಯಲ್ಲೂ ಇಲ್ಲ. ಅದು ಫೆಡರಲ್ ಪ್ರಾಸಿಕ್ಯೂಟರ್ ತೀರ್ಮಾನ.

ಪ್ರಶ್ನೆ: ನನ್ನ ಕೆಳಗೆ ತುಂಬಾ ಒಳ್ಳೆಯ ಏಜೆಂಟ್ ಒಬ್ಬ ಇದ್ದಾನೆ. ಕೆಲವು ದಿನ ಕೆಲಸ ಮಾಡದೆ ಟೈಮ್‌ಶೀಟ್‌ನಲ್ಲಿ ಗಂಟೆ ಬರೆದಿದ್ದಾನೆ ಅಂತ ನನಗೆ ಗೊತ್ತಾಯಿತು. ಸಣ್ಣ ಮಕ್ಕಳಿದ್ದಾರೆ, ಮನೆಯಲ್ಲಿ ಕಾಯಿಲೆ. ಕರೆದು ನಾಲ್ಕು ಮಾತು ಬೈದು ಮುಗಿಸಿಬಿಡಲಾ?

ಬೇಡ. ನಿಮಗೆ ಅವನ ಮೇಲೆ ಕನಿಕರ ಇರುವುದು ಒಳ್ಳೆಯದೇ, ಆದರೆ ಈ ದಾರಿಯಲ್ಲಿ ಅವನೂ ಉಳಿಯುವುದಿಲ್ಲ, ನೀವೂ ಉಳಿಯುವುದಿಲ್ಲ.

ಇದನ್ನು ಗಂಟೆಗಳ ಲೆಕ್ಕ ಅಂದುಕೊಳ್ಳಬೇಡಿ. ಅಮೆರಿಕದ ಸುಪ್ರೀಂ ಕೋರ್ಟ್‌ನ 1972ರ ಜಿಗ್ಲಿಯೊ ತೀರ್ಪಿನ ಪ್ರಕಾರ, ಸರ್ಕಾರಿ ಸಾಕ್ಷಿಯ ಮಾತನ್ನು ನಂಬಬಹುದಾ ಅನ್ನುವ ಪ್ರಶ್ನೆ ಎತ್ತುವ ಮಾಹಿತಿಯನ್ನು ಆರೋಪಿಯ ಕಡೆಯವರಿಗೆ ಕೊಡಬೇಕು. ಏಜೆಂಟ್ ಕೂಡ ಸಾಕ್ಷಿಯೇ. ಅವನು ದಾಖಲೆಯಲ್ಲಿ ಸುಳ್ಳು ಬರೆದಿದ್ದು ಪ್ರಾಸಿಕ್ಯೂಟರ್‌ಗೆ ಗೊತ್ತಿರಬೇಕು. ನೀವು ಮುಚ್ಚಿಟ್ಟರೆ, ಅವನು ಸಾಕ್ಷಿ ಹೇಳುವ ಪ್ರತಿ ಕೇಸಿನಲ್ಲೂ ಯಾರೋ ಒಬ್ಬರಿಗೆ ನ್ಯಾಯವಾಗಿ ಸಿಗಬೇಕಾದ್ದು ಸಿಗುವುದಿಲ್ಲ. ಮುಂದೆ ಹೊರಬಂದರೆ ಹಳೆಯ ಶಿಕ್ಷೆಗಳೂ ಅಲುಗಾಡಬಹುದು. ಅದೂ ಅಲ್ಲದೆ, ಲೀಪ್ ಭತ್ಯೆಗೆ ಏಜೆಂಟ್ ಹೆಚ್ಚುವರಿ ಗಂಟೆ ಪೂರೈಸುತ್ತಾನೆ ಅಂತ ಪ್ರತಿ ವರ್ಷ ಅವನೂ ಅವನ ಮೇಲಧಿಕಾರಿಯೂ ದೃಢೀಕರಿಸಬೇಕು. ಗೊತ್ತಿದ್ದೂ ಸಹಿ ಹಾಕಿದರೆ ಸುಳ್ಳು ನಿಮ್ಮದೂ ಆಗುತ್ತದೆ.

ಅವನನ್ನು ನೀವೇ ಕರೆದು ಬಾಯಿ ಬಿಡಿಸಲೂ ಹೋಗಬೇಡಿ. ಕೆಲಸ ಹೋಗುತ್ತದೆ ಅನ್ನುವ ಹೆದರಿಕೆಯಲ್ಲಿ ಸರ್ಕಾರಿ ನೌಕರ ಹೇಳಿದ ಮಾತನ್ನು ಅವನ ಮೇಲಿನ ಕ್ರಿಮಿನಲ್ ಕೇಸಿನಲ್ಲಿ ಬಳಸುವಂತಿಲ್ಲ ಎಂದು ಅದೇ ಕೋರ್ಟಿನ 1967ರ ಗ್ಯಾರಿಟಿ ತೀರ್ಪು ಹೇಳುತ್ತದೆ. ನಿಮ್ಮ ನಾಲ್ಕು ಮಾತು ಮುಂದಿನ ವಿಚಾರಣೆಯನ್ನೇ ಕೆಡಿಸಬಹುದು. ಯಾವ ಎಚ್ಚರಿಕೆ ಕೊಟ್ಟು ಕೇಳಬೇಕು ಅನ್ನುವುದು ಆಂತರಿಕ ತನಿಖೆಯವರಿಗೆ ಗೊತ್ತು.

ನಿಮಗೆ ಏನು ಗೊತ್ತಾಯಿತು, ಯಾವಾಗ, ಹೇಗೆ, ಇಷ್ಟನ್ನು ಇವತ್ತೇ ಬರೆದು ನಿಮ್ಮ ಮೇಲಧಿಕಾರಿಗೂ ಆಂತರಿಕ ತನಿಖಾ ವಿಭಾಗಕ್ಕೂ ಕಳಿಸಿ. ಊಹೆ ಸೇರಿಸಬೇಡಿ. ಅವನ ಒಳ್ಳೆಯ ಕೆಲಸವನ್ನೂ ಮನೆಯ ಕಷ್ಟವನ್ನೂ ಬರೆಯಲು ಅವಕಾಶ ಮುಂದೆ ಬರುತ್ತದೆ, ಶಿಕ್ಷೆ ತೀರ್ಮಾನಿಸುವಾಗ ಅವು ಲೆಕ್ಕಕ್ಕೆ ಬರುತ್ತವೆ. ಅಲ್ಲಿ ಅವನ ಪರ ಮನಸ್ಸು ಬಿಚ್ಚಿ ಬರೆಯಿರಿ. ಮನೆಯ ಕಾಯಿಲೆಗೆ ಕುಟುಂಬದ ವೈದ್ಯಕೀಯ ರಜೆ ಇದೆ, ಸಂಸ್ಥೆಯ ಕೌನ್ಸೆಲಿಂಗ್ ಸೌಲಭ್ಯ ಇದೆ. ಟೈಮ್‌ಶೀಟ್ ವಿಷಯ ಎತ್ತದೆ, ಈ ಎರಡರ ಮಾಹಿತಿಯನ್ನು ನೀವು ಈಗಲೇ ಅವನಿಗೆ ಕೊಡಬಹುದು.