ಪದಬಂಧದಲ್ಲಿ ‘ಹೇಳು’, ಮೂರು ಅಕ್ಷರ, ಕೊನೆಗೆ ‘ರು’. ಉತ್ತರ ಏನು?

‘ಉಸುರು’ ಇರಬೇಕು. ‘ಕಿವಿಯಲ್ಲಿ ಉಸುರಿದಳು’ ಅಂತ ಓದಿರ್ತೀವಲ್ಲ, ಅದೇ. ಮೆಲ್ಲಗೆ ಹೇಳುವುದಕ್ಕೇ ಇದು ಜಾಸ್ತಿ ಬಳಕೆ, ಆದರೆ ಪದಬಂಧ ಮಾಡುವವರು ಅಷ್ಟೆಲ್ಲ ನೋಡುವುದಿಲ್ಲ. ಕೆಲವರು ‘ಉಸಿರು’ ಅಂತಲೂ ಬರೆಯುತ್ತಾರೆ. ಹಾಗಾಗಿ ನಡುವಿನ ಮನೆಯನ್ನು ಮೇಲಿನಿಂದ ಕೆಳಗೆ ಬರುವ ಪದದ ಜೊತೆ ತಾಳೆ ನೋಡಿ, ಆಮೇಲೆ ಪೆನ್ನಲ್ಲಿ ತುಂಬಿ.

ಕೊನೆಗೆ ‘ಹು’ ಇದ್ದರೆ ‘ಅರುಹು’, ‘ಸು’ ಇದ್ದರೆ ‘ತಿಳಿಸು’. ಎರಡೇ ಮನೆ ಅಂದರೆ ‘ನುಡಿ’, ‘ಒರೆ’, ಇಲ್ಲವೇ ‘ಪೇಳು’. ಹಳಗನ್ನಡದ ‘ಪ’ ಆಮೇಲೆ ‘ಹ’ ಆಯಿತು ನೋಡಿ. ಪಾಲ್ ಹಾಲಾದ ಹಾಗೆ ಪೇಳು ಹೇಳು ಆಯಿತು. ಸುಳಿವಿನಲ್ಲಿ ‘ಹಳಗನ್ನಡ’ ಅಂತಿದ್ದರೆ ಸುಮ್ನೆ ಇದನ್ನೇ ಹಾಕಿ.

ಅಂದಹಾಗೆ, ಒತ್ತಕ್ಷರಕ್ಕೆ ಬೇರೆ ಮನೆ ಇಲ್ಲ. ‘ಬಿತ್ತರಿಸು’ ನಾಲ್ಕೇ ಮನೆ.