ಬಿಲ್ ಆಯಿತು, ರಸ್ತೆ ಕಿತ್ತಿತು

ಪ್ರಶ್ನೆ: ನಮ್ಮ ಬೀದಿಗೆ ಡಾಂಬರು ಹಾಕಿ ಮೂರು ತಿಂಗಳಿಲ್ಲ, ಜಲ್ಲಿ ಎದ್ದಿದೆ. ಬಿಲ್ ಪೂರ್ತಿ ಪಾವತಿಯಾಗಿದೆಯಂತೆ. ಲೆಕ್ಕ ಕೇಳುವುದು ಹೇಗೆ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಪಾಲಿಕೆಯ ನಿಮ್ಮ ವಿಭಾಗದ ಕಾರ್ಯಪಾಲಕ ಎಂಜಿನಿಯರ್ ಕಚೇರಿಗೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಇದನ್ನು ಮರೆತು ಎಲ್ಲವನ್ನೂ ತುಂಬಿದರೆ ಅರ್ಜಿ ವಾಪಸು ಬರಬಹುದು. ‘ಯಾಕೆ ಕಿತ್ತುಹೋಯಿತು’ ಎನ್ನಬೇಡಿ, ದಾಖಲೆ ಕೇಳಿ: ಅಂದಾಜು ಪಟ್ಟಿ, ಕಾರ್ಯಾದೇಶ, ಗುಣಮಟ್ಟ ಪರೀಕ್ಷಾ ವರದಿ, ಬಿಲ್, ಎಲ್ಲಕ್ಕಿಂತ ಮುಖ್ಯವಾಗಿ ಎಂ.ಬಿ. ಎನ್ನುವ ಅಳತೆ ಪುಸ್ತಕ, ಅಂದರೆ ಆದ ಕೆಲಸದ ಉದ್ದ, ಅಗಲ, ದಪ್ಪ ಬರೆದಿಡುವ ಪುಸ್ತಕ.

ಕಳ್ಳಲೆಕ್ಕ ಸಾಮಾನ್ಯವಾಗಿ ದಪ್ಪದಲ್ಲಿರುತ್ತದೆ, ಉದ್ದವನ್ನು ಯಾರಾದರೂ ಅಳೆಯಬಲ್ಲರು. 200 ಮೀಟರ್ ಉದ್ದ, 4 ಮೀಟರ್ ಅಗಲದ ಬೀದಿಗೆ 40 ಮಿ.ಮೀ. ದಪ್ಪ ಎಂದು ಅದರಲ್ಲಿ ಬರೆದಿದ್ದರೆ 32 ಘನ ಮೀಟರ್ ಡಾಂಬರು ಮಿಶ್ರಣ ಬೇಕು, 25 ಮಿ.ಮೀ. ಹಾಕಿದ್ದರೆ 20 ಸಾಕು. ಉಳಿದ 12ಕ್ಕೂ ನಮ್ಮ ತೆರಿಗೆ ಹಣವೇ ಹೋಗಿರುತ್ತದೆ! ಕಾಮಗಾರಿ ಪರಿಶೀಲಿಸುವ, ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕೂ ಮಾಹಿತಿ ಹಕ್ಕು ಕಾಯ್ದೆಯಲ್ಲಿದೆ.

30 ದಿನದಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಸಲ್ಲಿಸಿ. ಅಳತೆ ತಾಳೆಯಾಗದಿದ್ದರೆ ಪ್ರತಿಗಳ ಜೊತೆ, ಪ್ರಮಾಣಪತ್ರ (ಅಫಿಡವಿಟ್) ಲಗತ್ತಿಸಿ ಲೋಕಾಯುಕ್ತಕ್ಕೆ ದೂರು ಕೊಡಿ. ಅದಕ್ಕೂ ಮೊದಲು ರಸ್ತೆಯ ಫೋಟೊ ತೆಗೆದಿಡಿ. ತೇಪೆ ಬಿದ್ದ ಮೇಲೆ ಸಾಕ್ಷಿ ಸಿಗದು.